ಗೋವಾದ ಒಂದು ಪುಟ್ಟ ಚರ್ಚು, ಹೊಸದುರ್ಗದ ಕಡೆಯ ಒಂದು ಗುಡಿ

ನಾವು ನಾಲ್ಕು ಜನ. ಒಬ್ಬ ಚಿತ್ರದುರ್ಗ, ಒಬ್ಬ ಹಿರಿಯೂರು, ಒಬ್ಬ ಹೊಳಲ್ಕೆರೆ, ಒಬ್ಬ ಹೊಸದುರ್ಗ. ಹಾಸ್ಟೆಲ್‌ನಲ್ಲಿ ನಮ್ಮನ್ನ ಒಟ್ಟಿಗೆ 'ದುರ್ಗದ ಗ್ಯಾಂಗ್' ಅಂತಾರೆ. ಮೂರು ಜನ ಸಿವಿಲ್, ಒಬ್ಬ ಮೆಕ್ಯಾನಿಕಲ್. ನಾಲ್ವರೂ ಇಂಗ್ಲಿಷ್ ಮೀಡಿಯಂ, ಆದ್ದರಿಂದ ಕಾಗುಣಿತದಲ್ಲಿ ಏನಾದ್ರೂ ಎಡವಟ್ಟಾದ್ರೆ ಕನ್ನಡ ಸಂಘದ ಅಣ್ಣ ಅಕ್ಕಂದಿರು ತಿದ್ದಿಕೊಳ್ಳಲಿ. ಇದನ್ನ ಟೈಪ್ ಮಾಡಿದ್ದು ಒಬ್ಬ, ಮಾತು ನಾಲ್ವರದ್ದು.

ಹೋದ ವರ್ಷ ನಮ್ಮ ಬ್ಯಾಚಿನ ಟ್ರಿಪ್ ಗೋವಾಕ್ಕೆ ಹೋಗಿದ್ದು ನಿಮಗೆಲ್ಲ ಗೊತ್ತು. ಆ ಟ್ರಿಪ್ಪಿನ ಫೋಟೋ ನೋಡದವರು ಕ್ಯಾಂಪಸ್ಸಿನಲ್ಲಿ ಯಾರೂ ಉಳಿದಿಲ್ಲ. ಜೊತೆಗೆ ಬಂದಿದ್ದ ಸರ್ ಬೀಚಿಗೆ ಬಿಡೋಕೆ ಮುಂಚೆ 'ಎಜುಕೇಷನಲ್ ಟೂರ್ ಅಂತ ಲೆಟರ್ ಕೊಟ್ಟಿದ್ದೀನಿ ಕಣ್ರೋ' ಅಂತ ಹಳೇ ಗೋವಾದಲ್ಲಿ ಒಂದು ಗಂಟೆ ಬಸ್ ನಿಲ್ಲಿಸಿದ್ರು. ಎಲ್ಲರೂ ಬಾಮ್ ಜೀಸಸ್ ಚರ್ಚಿನ ಕ್ಯೂ ಕಡೆ ಓಡಿದ್ರು. ನಾವು ನೆರಳು ಹುಡುಕಿಕೊಂಡು ರಸ್ತೆಯ ಈಚೆಗೆ ಬಂದ್ವಿ. ಸೇಂಟ್ ಫ್ರಾನ್ಸಿಸ್ ಚರ್ಚನ್ನ ದಾಟಿ ಪಶ್ಚಿಮಕ್ಕೆ ನಡೆದ್ರೆ ಮರಗಳ ಮಧ್ಯೆ ಒಂದು ಸಣ್ಣ ಕಟ್ಟಡ ಇದೆ. ಸೇಂಟ್ ಕ್ಯಾಥರೀನ್ ಚಾಪೆಲ್. ಅಲ್ಲಿ ಜನವೇ ಇರಲಿಲ್ಲ. ಒಂದು ನಾಯಿ ಮಲಗಿತ್ತು.

ಅಲ್ಲಿನ ದೊಡ್ಡ ಚರ್ಚುಗಳನ್ನ ನೋಡಿ ಇಲ್ಲಿಗೆ ಬಂದ್ರೆ ಇಷ್ಟೇನಾ ಅನ್ನಿಸುತ್ತೆ. ಎದುರಿಗೆ ಒಂದು ಮುಖಗೋಡೆ, ಅದರ ಎರಡೂ ಪಕ್ಕ ಒಂದೊಂದು ಗೋಪುರ, ನಡುವೆ ಬಾಗಿಲು. ಒಳಗೆ ಒಂದೇ ಹಜಾರ, ಒಂದೇ ಪೂಜಾವೇದಿಕೆ. ಚಿನ್ನದ ಬಣ್ಣದ ಅಬ್ಬರ ಇಲ್ಲ. ಆದರೆ ಐದು ನಿಮಿಷ ಎದುರಿಗೆ ಕೂತು ನೋಡಿದ್ರೆ ಲೆಕ್ಕ ಕಾಣಿಸೋಕೆ ಶುರುವಾಗುತ್ತೆ. ನಡುವೆ ಒಂದು ಗೆರೆ ಎಳೆದ್ರೆ ಎಡಕ್ಕಿರೋದೇ ಬಲಕ್ಕೂ. ಬಾಗಿಲು, ಕಿಟಕಿ, ಗೋಪುರ ಒಂದರ ಮೇಲೊಂದು ಸುಮ್ಮನೆ ಪೇರಿಸಿದ್ದಲ್ಲ, ಒಂದಕ್ಕೊಂದು ಮಾತಾಡ್ತಿರೋ ಹಾಗಿದೆ. ಇದೇ ರಿನೈಸಾನ್ಸ್ ಶೈಲಿ. 1400ರ ನಂತರ ಇಟಲಿಯಲ್ಲಿ ಹಳೇ ರೋಮ್‌ನ ಕಟ್ಟಡಗಳನ್ನ ಮತ್ತೆ ಅಳೆದು, ಅವುಗಳ ಪ್ರಮಾಣ ಏನು ಅಂತ ಕಂಡುಕೊಂಡು, ಹೊಸದಾಗಿ ಕಟ್ಟೋಕೆ ಹೊರಟವರ ಶೈಲಿ. ಫ್ಲಾರೆನ್ಸಿನ ದೊಡ್ಡ ಗುಮ್ಮಟವನ್ನ ಬ್ರುನೆಲೆಸ್ಕಿ 1420ರಲ್ಲಿ ಶುರು ಮಾಡಿ 1436ಕ್ಕೆ ಮುಗಿಸಿದ. ಬ್ರಮಾಂಟೆ ರೋಮ್‌ನಲ್ಲಿ 1502ರ ಹೊತ್ತಿಗೆ 'ಟೆಂಪಿಯೆಟ್ಟೊ' ಅಂತ ಒಂದು ಕಟ್ಟಿದ. ಹೆಸರಿನ ಅರ್ಥವೇ ಪುಟ್ಟ ಗುಡಿ. ಸುತ್ತ 16 ಕಂಬ, ಮೇಲೊಂದು ಗುಮ್ಮಟ, ಒಳಗೆ ಹತ್ತು ಜನ ನಿಂತರೆ ಇಕ್ಕಟ್ಟು. ಆದರೂ ಪ್ರಪಂಚದ ಆರ್ಕಿಟೆಕ್ಚರ್ ಪುಸ್ತಕ ಯಾವುದನ್ನೇ ತೆಗೆದರೂ ಆ ಪುಟ್ಟ ಗುಡಿಗೆ ಒಂದು ಪೇಜ್ ಇದ್ದೇ ಇರುತ್ತೆ. ಚಿಕ್ಕದು ಅಂತ ಯಾರೂ ಬಿಟ್ಟಿಲ್ಲ. ಈ ಮಾತು ಮುಂದೆ ಬೇಕಾಗುತ್ತೆ, ನೆನಪಿಟ್ಟುಕೊಳ್ಳಿ.

ಗೋವಾದ ಈ ಚಾಪೆಲ್‌ಗೂ ಕನ್ನಡದ ನೆಲಕ್ಕೂ ಒಂದು ನಂಟಿದೆ. 1510ರಲ್ಲಿ ಗೋವಾ ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು. ಪೋರ್ಚುಗೀಸರ ಅಲ್ಬುಕರ್ಕ್ ಅದರ ಮೇಲೆ ಬಿದ್ದಾಗ ಜೊತೆಗಿದ್ದವನು ಹೊನ್ನಾವರದ ಕಡೆಯ ಸಮುದ್ರದ ನಾಯಕ ತಿಮ್ಮಯ್ಯ. ಪೋರ್ಚುಗೀಸರ ಬಾಯಲ್ಲಿ ಅವನು ತಿಮೋಜಾ. ಒಮ್ಮೆ ಗೆದ್ದು, ಕಳಕೊಂಡು, ಅದೇ ವರ್ಷ ನವೆಂಬರ್ 25ಕ್ಕೆ ಮತ್ತೆ ಗೆದ್ರು. ಆ ದಿನ ಸಂತ ಕ್ಯಾಥರೀನಳ ಹಬ್ಬ. ಅದಕ್ಕೇ ಊರಿನೊಳಗೆ ನುಗ್ಗಿದ ಜಾಗದಲ್ಲಿ ಅವಳ ಹೆಸರಲ್ಲಿ ಚಾಪೆಲ್. 1534ರಲ್ಲಿ ಗೋವಾಕ್ಕೆ ಬಿಷಪ್ ಪೀಠ ಬಂದಾಗ ಈ ಪುಟ್ಟ ಕಟ್ಟಡಕ್ಕೇ ಕೆಥೆಡ್ರಲ್ ಪಟ್ಟ ಸಿಕ್ತು. 1550ರಲ್ಲಿ ಗವರ್ನರ್ ಕಬ್ರಾಲ್ ದೊಡ್ಡದು ಮಾಡಿಸಿ, ಅಲ್ಬುಕರ್ಕ್ ಒಳಗೆ ಬಂದ ಬಾಗಿಲು ಇಲ್ಲೇ ಇತ್ತು ಅಂತ ಒಂದು ಕಲ್ಲು ಕೆತ್ತಿಸಿ ಗೋಡೆಗೆ ಕೂರಿಸಿದ. 1952ರಲ್ಲಿ ಮತ್ತೆ ಕಟ್ಟಿ ಸರಿಪಡಿಸಿದ್ರು. 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಗೋವಾದ ಚರ್ಚುಗಳಲ್ಲಿ ಇದೂ ಒಂದು. ಗೆದ್ದವರು ಕಟ್ಟಿಸಿದ್ದು ಅನ್ನೋದನ್ನ ನಾವೇನೂ ಮರೀಬೇಕಿಲ್ಲ. ಆದರೆ ಕಟ್ಟಡ ನಿಂತಿದೆ, ಹೊಸದು ಬೇಕಾದಾಗ ಪಕ್ಕದಲ್ಲಿ ಕಟ್ಟಿಕೊಂಡ್ರು, ಇದನ್ನ ತೆಗೀಲಿಲ್ಲ.

ಇನ್ನು ಕಲ್ಲಿನ ವಿಷ್ಯ. ಇಲ್ಲಿ ಸಿವಿಲ್‌ನವರು ಸ್ವಲ್ಪ ಜಾಸ್ತಿ ಮಾತಾಡ್ತೀವಿ, ಮಿಕ್ಕವರು ತಡ್ಕೊಳ್ಳಿ. ಗೋವಾದ ಈ ಚರ್ಚುಗಳನ್ನ ಕಟ್ಟಿದ್ದು ಹೆಚ್ಚಾಗಿ ಜಂಬಿಟ್ಟಿಗೆ ಕಲ್ಲಿನಲ್ಲಿ. ಕರಾವಳಿಯವರು ಮುರಕಲ್ಲು ಅಂತಾರೆ. ನೆಲದಿಂದ ತೆಗೆದಾಗ ಮೆತ್ತಗಿರುತ್ತೆ, ಇಟ್ಟಿಗೆ ಥರ ಕತ್ತರಿಸಬಹುದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತೆ. 1800ರಲ್ಲಿ ನಮ್ಮ ಮೈಸೂರು ಸೀಮೆಯೆಲ್ಲ ಸುತ್ತಿದ ಬುಕಾನನ್ ಇದಕ್ಕೆ 'ಲ್ಯಾಟರೈಟ್' ಅಂತ ಹೆಸರಿಟ್ಟ, ಲ್ಯಾಟಿನ್‌ನಲ್ಲಿ 'ಲ್ಯಾಟರ್' ಅಂದ್ರೆ ಇಟ್ಟಿಗೆ. ನಮ್ಮ ಜಂಬಿಟ್ಟಿಗೆಯಲ್ಲೂ ಇಟ್ಟಿಗೆ ಇದೆ ನೋಡಿ! ಆದರೆ ಈ ಕಲ್ಲಿನ ತುಂಬ ತೂತು, ನೀರು ಕುಡಿಯುತ್ತೆ. ಅದಕ್ಕೆ ಹಳಬರು ಮೇಲೆ ಸುಣ್ಣದ ಗಾರೆ ಬಳೀತಿದ್ರು. ಮಳೆ ಗಾರೆಯನ್ನ ತಿನ್ನುತ್ತೆ, ಕಲ್ಲನ್ನ ಬಿಡುತ್ತೆ. ಕೆಲವು ವರ್ಷಕ್ಕೊಮ್ಮೆ ಗಾರೆ ಮತ್ತೆ ಬಳಿದ್ರೆ ಆಯ್ತು. ಬಾಮ್ ಜೀಸಸ್ ಚರ್ಚಿಗೆ ಮಾತ್ರ 1950ರ ದಶಕದಲ್ಲಿ ಹೊರಗಿನ ಗಾರೆಯನ್ನ ಪೂರ್ತಿ ಕೆರೆದು ತೆಗೆದ್ರು, ಕೆಂಪು ಕಲ್ಲು ಹಳೇದಾಗಿ ಚಂದ ಕಾಣುತ್ತೆ ಅಂತ. ಇವತ್ತು ಎಲ್ಲರೂ ಸೆಲ್ಫಿ ತಗೊಳ್ಳೋ ಆ ಕೆಂಪು ಗೋಡೆ ಅಸಲಿಗೆ ಅಂಗಿ ಬಿಚ್ಚಿಸಿಕೊಂಡು ಮಳೆಯಲ್ಲಿ ನಿಂತಿರೋ ಗೋಡೆ. ಮತ್ತೆ ಗಾರೆ ಹಾಕ್ಬೇಕೋ ಬೇಡವೋ ಅಂತ ಅಲ್ಲಿ ಈಗಲೂ ಜಗಳ ನಡೀತಿದೆ.

ಇಷ್ಟನ್ನ ಮಾತಾಡ್ತಾ ಕೂತಿದ್ದಾಗಲೇ ನಮ್ಮಲ್ಲಿ ಹೊಸದುರ್ಗದವನು ಫೋನ್ ತೆಗೆದು ಒಂದು ಫೋಟೋ ತೋರಿಸಿದ. ಅವರ ಊರಿನ ಈಶ್ವರನ ಗುಡಿ. ಗುಡಿಯ ಮುಂದೆ ಒಂದು ಫ್ಲೆಕ್ಸ್, ಫ್ಲೆಕ್ಸಿನ ಮೇಲೆ ಕಂಪ್ಯೂಟರಿನಲ್ಲಿ ಬಿಡಿಸಿದ ಹೊಸ ಗುಡಿ, ಬಣ್ಣಬಣ್ಣದ ಗೋಪುರ, ಕೆಳಗೆ 'ಜೀರ್ಣೋದ್ಧಾರ' ಅಂತ ದಪ್ಪಕ್ಷರ. ಹಳೇದನ್ನ ಪೂರ್ತಿ ಕೆಡವಿ ಆರ್‌ಸಿಸಿಯಲ್ಲಿ ಕಟ್ಟೋದು, ಒಳಗೆ ಟೈಲ್ಸ್ ಹಾಕೋದು ಅಂತ ಗುಡಿ ಕಮಿಟಿ ತೀರ್ಮಾನ. ಕಮಿಟಿಯಲ್ಲಿ ಅವನ ದೊಡ್ಡಪ್ಪನೂ ಇದ್ದಾರೆ. ಮನೆಮನೆಗೂ ಹೋಗಿ ಚಂದಾ ಎತ್ತಿದವರು ಅವರೇ.

ಊರಿನ ಹೆಸರು ಬೇಡ. ನಮ್ಮ ಜಿಲ್ಲೆಯಲ್ಲಿ ಇಂಥಾ ಊರು ಒಂದಲ್ಲ.

ಗೋವಾದಿಂದ ಬಂದು ಮೂರು ವಾರಕ್ಕೆ ನಾಲ್ವರೂ ಆ ಊರಿಗೆ ಹೋದ್ವಿ. ಲ್ಯಾಬಿನಿಂದ ಟೇಪು, ಮಟ್ಟಗೋಲು ಕೇಳಿ ತಗೊಂಡ್ವಿ. ಹೋಗೋ ದಾರಿಯಲ್ಲಿ ದುರ್ಗದವನು ಕೋಟೆ ಹತ್ತಿಸಿಯೇ ಬಿಡ್ತೀನಿ ಅಂತ ಹಟ ಹಿಡಿದ. ಕೋಟೆಗೆ ಎಷ್ಟು ಸಲ ಹೋಗಿದ್ರೂ ನಾವು ನೋಡೋದು ಓಬವ್ವನ ಕಿಂಡಿ, ತುಪ್ಪದ ಕೊಳ, ಕೋತಿ ಥರ ಗೋಡೆ ಹತ್ತೋ ಅಣ್ಣ. ಈ ಸಲ ಗುಡಿಗಳನ್ನ ನೋಡಿದ್ವಿ. ಸಂಪಿಗೆ ಸಿದ್ದೇಶ್ವರನ ಗುಡಿ ಬಂಡೆಯ ಬುಡಕ್ಕೆ ಒರಗಿಕೊಂಡಿದೆ. ನಾಯಕರಿಗೆ ಪಟ್ಟ ಕಟ್ತಿದ್ದದ್ದು ಅಲ್ಲೇ. ಹಿಡಿಂಬೇಶ್ವರನ ಗುಡಿಯಲ್ಲಿ ಬಂಡೆಯನ್ನೇ ಕೊರೆದು ಗರ್ಭಗುಡಿ ಮಾಡಿದ್ದಾರೆ. ಬೆಟ್ಟ ಇರೋ ಕಡೆ ಗೋಡೆ ಯಾಕೆ ಕಟ್ಟಬೇಕು ಅನ್ನೋ ಲೆಕ್ಕ! ಹೊರಗೆ ದೀಪಸ್ತಂಭ, ಉಯ್ಯಾಲೆ ಕಂಬ. ಉಯ್ಯಾಲೆ ಕಂಬ ಅಂದ್ರೆ ಏನು? ಎರಡು ನೆಟ್ಟ ಕಲ್ಲು, ಮೇಲೊಂದು ಅಡ್ಡ ಕಲ್ಲು. ಎರಡನೇ ವರ್ಷದಲ್ಲಿ ನಾವು ಓದೋ ಪೋರ್ಟಲ್ ಫ್ರೇಮು ಅಲ್ಲಿ ಬಿಸಿಲಲ್ಲಿ ನಿಂತಿದೆ.

ವರ್ಷಗಳನ್ನ ಪಕ್ಕ ಪಕ್ಕ ಇಟ್ಟು ನೋಡಿದ್ವಿ. 1565ರಲ್ಲಿ ತಾಳಿಕೋಟೆ ಯುದ್ಧ. 1568ರಲ್ಲಿ ತಿಮ್ಮಣ್ಣ ನಾಯಕನಿಂದ ದುರ್ಗದ ನಾಯಕರ ಆಳ್ವಿಕೆ ಶುರು. 1570ರಲ್ಲಿ ಇಟಲಿಯಲ್ಲಿ ಪಲ್ಲಾಡಿಯೊ ತನ್ನ ನಾಲ್ಕು ಸಂಪುಟದ ವಾಸ್ತು ಗ್ರಂಥ ಅಚ್ಚು ಹಾಕಿಸಿದ. ಇನ್ನೂ ಹಿಂದಕ್ಕೆ ಹೋದ್ರೆ ದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನ ಬಂಡೆ ಶಾಸನ. ಅಲ್ಲೇ ಅಗೆದಾಗ ರೋಮ್‌ನ ಚಕ್ರವರ್ತಿ ಅಗಸ್ಟಸ್‌ನ ಬೆಳ್ಳಿ ನಾಣ್ಯ ಸಿಕ್ಕಿದೆ. ಇಟಲಿಯವರು 1400ರಲ್ಲಿ ಮತ್ತೆ ಹುಡುಕಿಕೊಂಡು ಹೋದ ಆ ಹಳೇ ರೋಮ್‌ನ ದುಡ್ಡು ನಮ್ಮ ಊರಿನ ಮಣ್ಣಲ್ಲಿತ್ತು.

ಹೊಳಲ್ಕೆರೆಯವನಿಗೆ ತನ್ನ ಊರಿನ ಮಾತು ಬಾರದೇ ಇದ್ರೆ ಸಮಾಧಾನ ಇಲ್ಲ. ಅಲ್ಲಿನ ಬಯಲು ಗಣಪತಿಯನ್ನ ಗುಲ್ಯಪ್ಪ ನಾಯಕ 1475ರಲ್ಲಿ ಪ್ರತಿಷ್ಠೆ ಮಾಡಿಸಿದ ಅಂತ ಊರಿನಲ್ಲಿ ಹೇಳ್ತಾರೆ. ಅದೇ 1475ರಲ್ಲಿ ಇಟಲಿಯಲ್ಲಿ ಮೈಕಲೆಂಜೆಲೊ ಹುಟ್ಟಿದ. ಆಳೆತ್ತರ ಮೀರಿದ ಗಣಪ, ಬೆನ್ನಿಗೆ ಜಡೆ, ತಲೆ ಮೇಲೆ ಸೂರಿಲ್ಲ. ಸೂರೇ ಇಲ್ಲದ ಗುಡಿ ಸೋರೋದೂ ಇಲ್ಲ, ಅದು ಅವನ ಜೋಕು. ಹಿರಿಯೂರಿನವನು ಬಿಡ್ತಾನಾ, ತೇರುಮಲ್ಲೇಶ್ವರನ ಗುಡಿಯ ಎದುರಿನ ದೀಪಸ್ತಂಭದ ಎತ್ತರ, ಮಂಟಪದ ಛಾವಣಿಯ ಹಳೇ ಬಣ್ಣದ ಚಿತ್ರ ಎಲ್ಲ ಹೇಳಿ, ಕೊನೆಗೆ ವಾಣಿವಿಲಾಸ ಸಾಗರಕ್ಕೆ ಬಂದ. 1907ರಲ್ಲಿ ಮುಗಿದ ಅಣೆಕಟ್ಟು, ಸುಣ್ಣದ ಗಾರೆಯಲ್ಲೇ ಕಟ್ಟಿದ್ದು, 1933ರಲ್ಲಿ ಒಮ್ಮೆ ಕೋಡಿ ಬಿದ್ದಿದ್ದು ಬಿಟ್ರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಷ್ಟು ನೀರನ್ನ ಸುಣ್ಣ ತಡೆದು ನಿಲ್ಲಿಸಿರೋವಾಗ ಒಂದು ಗುಡಿಯ ಮಾಳಿಗೆ ಏನು ಮಹಾ ಅಂದ. ಇದು ಜೋಕಲ್ಲ.

ಆ ಊರಿನ ಗುಡಿ ಚಿಕ್ಕದು. ಗರ್ಭಗುಡಿ, ಅದರ ಮುಂದೆ ಸುಕನಾಸಿ, ಅದರ ಮುಂದೆ ನಾಲ್ಕು ಕಂಬದ ನವರಂಗ. ಅಷ್ಟೇ. ಕಮಾನಿಲ್ಲ, ಗುಮ್ಮಟ ಇಲ್ಲ. ಕಂಬದ ಮೇಲೆ ಬೋದಿಗೆ, ಬೋದಿಗೆ ಮೇಲೆ ತೊಲೆ, ತೊಲೆ ಮೇಲೆ ಚಪ್ಪಡಿ. ಗ್ರಾನೈಟ್ ಒತ್ತುವ ಭಾರವನ್ನ ಎಷ್ಟು ಬೇಕಾದ್ರೂ ಹೊರುತ್ತೆ, ಎಳೆತಕ್ಕೆ ಮಾತ್ರ ಬಲ ಬಹಳ ಕಮ್ಮಿ, ಸುಮಾರು ಹತ್ತರಲ್ಲಿ ಒಂದು ಪಾಲು. ತೊಲೆ ಬಾಗಿದಾಗ ಕೆಳಮೈ ಎಳೆತಕ್ಕೆ ಸಿಗುತ್ತೆ, ಅದಕ್ಕೇ ಕಂಬಗಳು ಅಷ್ಟು ಹತ್ತಿರ. ಬೋದಿಗೆ ಎರಡೂ ಕಡೆ ಕೈ ಚಾಚಿ ಆ ಅಂತರವನ್ನ ಇನ್ನೂ ಕಮ್ಮಿ ಮಾಡುತ್ತೆ. ನಾವು ಅದನ್ನ ಅಲಂಕಾರ ಅಂದುಕೊಂಡಿರ್ತೀವಿ, ಅದು ಲೆಕ್ಕ. ಇಟಲಿಯವರು ಕಮಾನು ಕಟ್ಟಿ ಭಾರವನ್ನ ಪಕ್ಕಕ್ಕೆ ತಳ್ಳಿದ್ರು, ಆ ತಳ್ಳು ತಡೆಯೋಕೆ ದಪ್ಪ ಗೋಡೆ ಬೇಕಾಯ್ತು. ನಮ್ಮವರು ನೇರ ಕೆಳಗೆ ಇಳಿಸಿದ್ರು. ಎರಡೂ ಜಾಣತನವೇ.

ನಾಲ್ಕು ಕಂಬದ ನಡುವಿನ ಅಂಕಣ ಚೌಕ. ಅಳೆದು ನೋಡಿದ್ರೆ ನಾಲ್ಕೂ ಕಡೆಯ ಅಂತರಕ್ಕೆ ಒಂದು ಬೆರಳಿನ ವ್ಯತ್ಯಾಸವೂ ಇಲ್ಲ. ಮೆಕ್ಯಾನಿಕಲ್‌ನವನು ಕಂಬದ ಗುಂಡನೆಯ ಉಂಗುರಗಳ ಮೇಲೆ ಬೆರಳಾಡಿಸಿ ಆಮೇಲೆ ತುಂಬಾ ಹೊತ್ತು ಮಾತೇ ಆಡ್ಲಿಲ್ಲ. ಬಾಗಿಲ ಪಕ್ಕದಲ್ಲಿ ಒಂದು ಶಾಸನದ ಕಲ್ಲು, ಅದರ ಮೇಲೆ ಅರ್ಧದವರೆಗೆ ಹಳದಿ ಎಣ್ಣೆ ಬಣ್ಣ. ರಾತ್ರಿ ಕರೆಂಟ್ ಹೋದಾಗ ಮೊಬೈಲ್ ಟಾರ್ಚನ್ನ ಪಕ್ಕದಿಂದ ಓರೆಯಾಗಿ ಬಿಟ್ಟು ನೋಡಿದ್ವಿ. ಅಕ್ಷರಗಳ ನೆರಳು ಬಿತ್ತು, 'ಸ್ವಸ್ತಿ' ಅನ್ನೋದು ಕಾಣಿಸ್ತು. ಮುಂದಿನದು ನಮ್ಮಿಂದ ಓದೋಕಾಗ್ಲಿಲ್ಲ, ಫೋಟೋ ತೆಗೆದು ಹಳಗನ್ನಡ ಓದಬಲ್ಲ ನಮ್ಮ ಕನ್ನಡ ಮೇಷ್ಟ್ರಿಗೆ ಕೊಟ್ಟಿದ್ದೀವಿ. ಕಮಿಟಿಯ ಅಂದಾಜು ಪಟ್ಟಿಯಲ್ಲಿ, ಕೆಡವೋಕೆ ಮುಂಚೆ ಕಂಬಗಳಿಗೆ ಸ್ಯಾಂಡ್‌ಬ್ಲಾಸ್ಟಿಂಗ್ ಮಾಡಿಸಿ ಎತ್ತಿಡೋದು ಅಂತ ಒಂದು ಸಾಲಿತ್ತು. ಮರಳನ್ನ ಗಾಳಿಯ ರಭಸಕ್ಕೆ ಹೊಡೆದ್ರೆ ಬಣ್ಣದ ಜೊತೆ ಕಲ್ಲಿನ ಮೈಯೂ ಹೋಗುತ್ತೆ. ಶಾಸನದ ಅಕ್ಷರ ಎಷ್ಟು ಆಳ ಇರುತ್ತೆ ಹೇಳಿ.

ಭಾನುವಾರ ಬೆಳಿಗ್ಗೆ ಗುಡಿ ಮುಂದಿನ ಕಟ್ಟೆಯ ಮೇಲೆ ಕಮಿಟಿ ಸೇರ್ತು. ಅವರನ್ನ ಇಲ್ಲಿ ವಿಲನ್ ಮಾಡೋ ಆಸೆ ನಮಗಿಲ್ಲ. ಅಧ್ಯಕ್ಷರು ನೇರವಾಗಿ ಕೇಳಿದ್ರು: 'ನೀವು ಓದೋ ಹುಡುಗ್ರು, ಫೋಟೋ ತಗೊಂಡು ಹೋಗ್ತೀರಿ. ಮಳೆಗಾಲದಾಗೆ ಸ್ವಾಮಿ ತಲೆ ಮೇಲೆ ಸೋರ್ತದೆ, ಪೂಜಾರಪ್ಪ ನೀರಾಗೆ ನಿಂತ್ಕಂಡು ಮಂಗಳಾರತಿ ಮಾಡ್ತಾನೆ. ನೀವು ಬಂದು ಕೊಡೆ ಹಿಡೀತೀರೇನಪ್ಪಾ?' ಅಲ್ಲಿದ್ದ ಒಬ್ಬರು ಅಮ್ಮ, ಶಿವರಾತ್ರಿ ದಿನ ಒಳಗೆ ಹತ್ತು ಜನಕ್ಕೂ ಜಾಗ ಇಲ್ಲ, ಮಕ್ಕಳನ್ನ ಎತ್ತಿಕೊಂಡು ಬಿಸಿಲಲ್ಲಿ ನಿಲ್ಬೇಕು ಅಂದ್ರು. ಇದಕ್ಕೆ ಪರಂಪರೆ, ಇತಿಹಾಸ ಅಂತ ಭಾಷಣ ಮಾಡಿದ್ರೆ ಯಾರು ಕೇಳ್ತಾರೆ? ದೊಡ್ಡಪ್ಪ ಅಂತೂ ನಮ್ಮವನ ಮುಖ ನೋಡ್ತಾನೇ ಇರಲಿಲ್ಲ. ಊರೆಲ್ಲ ಸುತ್ತಿ ದುಡ್ಡು ತಂದಿರೋರು ಅವರು. ಮನೆ ಹುಡುಗನೇ ಎದುರು ಮಾತಾಡಿದ್ರೆ ಅವರು ಜನಕ್ಕೆ ಏನು ಹೇಳ್ಬೇಕು?

ನಾವು ಏಣಿ ಕೇಳಿ ಎಲ್ಲರನ್ನೂ ಮಾಳಿಗೆ ಮೇಲೆ ಹತ್ತಿಸಿದ್ವಿ. ವಿಷ್ಯ ಇದ್ದದ್ದು ಅಲ್ಲಿ. ಚಪ್ಪಡಿಗಳ ಮೇಲೆ ಹಳಬರು ಇಟ್ಟಿಗೆ ಚೂರು, ಸುಣ್ಣ ಹಾಕಿ ಬಡಿದು ಗಚ್ಚು ಮಾಡಿದ್ರು. ಅದು ಸವೆದು ಹೋದಾಗ ಯಾರೋ ಮೇಲೆ ಸಿಮೆಂಟ್ ಬಳಿದಿದ್ದಾರೆ. ಕಲ್ಲು ಬಿಸಿಲಿಗೆ ಹಿಗ್ಗುತ್ತೆ, ರಾತ್ರಿ ಕುಗ್ಗುತ್ತೆ. ಸುಣ್ಣ ಅದರ ಜೊತೆ ಸ್ವಲ್ಪ ಹೊಂದಿಕೊಳ್ಳುತ್ತೆ, ಸಿಮೆಂಟು ಬಿರುಸು, ಬಿರುಕು ಬಿಡುತ್ತೆ. ಬಿರುಕಿನಲ್ಲಿ ಇಳಿದ ನೀರಿಗೆ ಆಮೇಲೆ ಆರೋಕೆ ದಾರಿ ಇಲ್ಲ, ಕೆಳಗೇ ಇಳಿಯುತ್ತೆ. ಒಂದು ಮೂಲೆಯಲ್ಲಿ ಅರಳಿ ಗಿಡ ಬೇರು ಬಿಟ್ಟು ಎರಡು ಚಪ್ಪಡಿಯನ್ನ ದೂರ ತಳ್ಳಿತ್ತು. ನೀರು ಹರಿದು ಹೋಗೋ ಕಲ್ಲಿನ ದೋಣಿ ಮಣ್ಣು ತುಂಬಿ ಮುಚ್ಚಿತ್ತು. ಕೆಳಗಿನ ಕಂಬ ಒಂದೂ ವಾಲಿಲ್ಲ, ತೊಲೆ ಒಂದೂ ಸೀಳಿಲ್ಲ. ಸೋರ್ತಿರೋದು ಗುಡಿಯಲ್ಲ, ಮೇಲಿನ ಅರ್ಧ ಅಡಿ.

ಮಾಡಬೇಕಾದ್ದು ಇಷ್ಟು ಅಂತ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದ್ವಿ: ಸಿಮೆಂಟನ್ನ ಉಳಿಯಲ್ಲಿ ನಿಧಾನ ಬಿಡಿಸೋದು, ಬೇರು ತೆಗೆಯೋದು, ಚಪ್ಪಡಿ ಸಂದಿಗೆ ಸುಣ್ಣದ ಗಾರೆ ತುಂಬೋದು, ಮತ್ತೆ ಗಚ್ಚು ಹಾಕಿ ದೋಣಿಯ ಕಡೆ ಇಳಿಜಾರು ಕೊಡೋದು. ಜಾತ್ರೆಯ ಜನಕ್ಕೆ ಗುಡಿಯಿಂದ ಹತ್ತು ಹೆಜ್ಜೆ ಬಿಟ್ಟು ಮುಂದೆ ಒಂದು ಮಂಟಪ, ಕಬ್ಬಿಣದ ಟ್ರಸ್ಸು, ಶೀಟು. ಟ್ರಸ್ಸನ್ನ ಮೆಕ್ಯಾನಿಕಲ್‌ನವನು ಅಲ್ಲೇ ಬಿಡಿಸಿದ. ಹೊಸ ಗುಡಿಯ ಅಂದಾಜಿಗೆ ಹೋಲಿಸಿದ್ರೆ ಖರ್ಚು ಕಮ್ಮಿ ಅನ್ನೋದು ಅಧ್ಯಕ್ಷರಿಗೆ ಬೇಗ ಗೊತ್ತಾಯ್ತು. ಆದರೂ 'ಪಕ್ಕದ ಊರೋರು ಎಷ್ಟು ದೊಡ್ಡ ಗೋಪುರ ಕಟ್ಟವ್ರೆ' ಅನ್ನೋ ಮಾತು ಬಂತು. ಅದಕ್ಕೆ ಲೆಕ್ಕದಲ್ಲಿ ಉತ್ತರ ಇಲ್ಲ. ನಾವು ಟೆಂಪಿಯೆಟ್ಟೊ ಫೋಟೋ ತೋರಿಸಿದ್ವಿ. ರೋಮ್‌ನಲ್ಲಿ ಇಷ್ಟೇ ಗಾತ್ರದ್ದು, ಪ್ರಪಂಚವೇ ಬಂದು ನೋಡುತ್ತೆ ಅಂದ್ವಿ. ಒಬ್ಬರು ಫೋಟೋವನ್ನ ಹಿಗ್ಗಿಸಿ ನೋಡಿ, 'ಕಂಬ ನಮ್ಮವೇ ಚಂದ ಅವೆ ಬಿಡು' ಅಂದ್ರು.

ಆಮೇಲೆ ಮಾತು 'ಜೀರ್ಣೋದ್ಧಾರ'ಕ್ಕೆ ಬಂತು. ಯುರೋಪಿನ ರಿನೈಸಾನ್ಸ್‌ಗೆ ನಮ್ಮ ಪಠ್ಯಪುಸ್ತಕದಲ್ಲಿ 'ಪುನರುಜ್ಜೀವನ' ಅಂತಾರೆ. ಮತ್ತೆ ಜೀವ ಬರೋದು. ಜೀರ್ಣೋದ್ಧಾರ ಅಂದ್ರೂ ಹತ್ತಿರದ ಅರ್ಥವೇ, ಸವೆದು ಹೋದದ್ದನ್ನ ಮೇಲೆತ್ತೋದು. ಹಳೇ ಕನ್ನಡ ಶಾಸನಗಳಲ್ಲಿ ಗುಡಿಗೆ ಭೂಮಿ ದಾನ ಕೊಡುವಾಗ 'ಖಂಡಸ್ಫುಟಿತ ಜೀರ್ಣೋದ್ಧಾರ' ಅಂತ ಮತ್ತೆ ಮತ್ತೆ ಬರುತ್ತೆ ಅಂತ ಮೇಷ್ಟ್ರು ನಮಗೆ ಹೇಳಿಕೊಟ್ಟಿದ್ರು. ಖಂಡ ಅಂದ್ರೆ ಮುರಿದದ್ದು, ಸ್ಫುಟಿತ ಅಂದ್ರೆ ಬಿರುಕು ಬಿಟ್ಟದ್ದು. ಅಂದ್ರೆ ಗುಡಿ ಕಟ್ಟಿಸಿದ ದಿನವೇ ಅವರಿಗೆ ಗೊತ್ತಿತ್ತು, ಇದು ಒಂದು ದಿನ ಬಿರುಕು ಬಿಡುತ್ತೆ, ಅದನ್ನ ಸರಿ ಮಾಡೋಕೆ ಈಗಲೇ ದುಡ್ಡಿಡಬೇಕು ಅಂತ. ಈಗಿನ ಭಾಷೆಯಲ್ಲಿ ಮೆಂಟೆನೆನ್ಸ್ ಫಂಡು. ಇದನ್ನ ಹೊಸದುರ್ಗದವನೇ ಹೇಳಿದ, ದೊಡ್ಡಪ್ಪನ ಕಡೆ ತಿರುಗಿ, ನಿಧಾನಕ್ಕೆ. ದೊಡ್ಡಪ್ಪ ಆ ಪದವನ್ನ ಎರಡು ಸಲ ಬಾಯಲ್ಲಿ ಹೇಳಿಕೊಂಡ್ರು. 'ನಾನು ಜೀರ್ಣೋದ್ಧಾರಕ್ಕೆ ಅಂತಾನೇ ದುಡ್ಡು ಎತ್ತಿರೋದು' ಅಂದ್ರು. ಒಪ್ಪಿಕೊಂಡ್ರೋ, ಜಗಳಕ್ಕೆ ಬಂದ್ರೋ ಆ ಕ್ಷಣ ನಮಗೆ ತಿಳೀಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಅವರೇ ಬಂದು ನಾಲ್ಕು ತಟ್ಟೆಗೂ ಮುದ್ದೆ ಹಾಕಿಸಿ, 'ಗಾರೆ ಅರೆಯೋ ಗಾಣ ನಮ್ಮ ಕಣದ ಹಿಂದೆ ಬಿದ್ದೈತೆ, ಕಲ್ಲು ಮಾತ್ರ ಐತೆ, ಮರ ಹೋಗೈತೆ' ಅಂದ್ರು.

ತೀರ್ಮಾನ ಇನ್ನೂ ಆಗಿಲ್ಲ. ಫ್ಲೆಕ್ಸು ಹಾಗೇ ಇದೆ. ಶಿವರಾತ್ರಿ ಕಳೆದ ಮೇಲೆ ಮತ್ತೆ ಸಭೆ. ಅಷ್ಟರೊಳಗೆ ಗಚ್ಚಿನ ಕೆಲಸ ಗೊತ್ತಿರೋ ಒಬ್ಬ ಮೇಸ್ತ್ರಿಯನ್ನ ಕರ್ಕೊಂಡು ಬನ್ನಿ, ಒಂದು ಮೂಲೆಯಲ್ಲಿ ಮಾಡಿ ತೋರಿಸಲಿ, ಒಂದು ಮಳೆ ನೋಡೋಣ ಅಂತ ಅಧ್ಯಕ್ಷರು ಹೇಳಿದ್ದಾರೆ. ಮೇಸ್ತ್ರಿ ಸಿಗೋದೇ ಕಷ್ಟ. ಈಗಿನ ಗಾರೆ ಕೆಲಸದವರಿಗೆ ಗಾರೆ ಅಂದ್ರೆ ಸಿಮೆಂಟು. ಹೋದ ವಾರ ಹಾಸ್ಟೆಲ್ ಹಿಂದೆ ಒಂದು ಹಳೇ ಡ್ರಮ್ಮಿನಲ್ಲಿ ಸುಟ್ಟ ಸುಣ್ಣದ ಕಲ್ಲು ಹಾಕಿ, ಕನ್ನಡಕ ಕೈಗವಸು ಹಾಕ್ಕೊಂಡು ನೀರು ಬಿಟ್ವಿ. ಕೊತಕೊತ ಕುದಿಯಿತು, ವಾರ್ಡನ್ ಓಡಿ ಬಂದ್ರು. ಅದು ಅರಳಿ ತಣ್ಣಗಾಗಿ ಈಗ ಬೆಣ್ಣೆ ಥರ ಕೂತಿದೆ, ಮೇಲೆ ಎರಡು ಬೆರಳು ನೀರು ನಿಲ್ಲಿಸಿ ಮುಚ್ಚಿಟ್ಟಿದ್ದೀವಿ. ಗಾಳಿಯ ಇಂಗಾಲದ ಡೈಆಕ್ಸೈಡ್ ತಾಕಿದ್ರೆ ಅದು ವಾಪಸ್ ಕಲ್ಲಾಗೋಕೆ ಶುರುವಾಗುತ್ತೆ. ಯಾರೂ ಮುಚ್ಚಳ ತೆಗೀಬೇಡಿ. ನಿಮ್ಮ ಊರಲ್ಲಿ, ನಿಮ್ಮ ಅಜ್ಜನ ಕಾಲದವರಲ್ಲಿ, ಗಚ್ಚು ಬಡಿದು ಗೊತ್ತಿರೋರು ಯಾರಾದ್ರೂ ಇದ್ರೆ ಬಾಯ್ಸ್ ಹಾಸ್ಟೆಲ್‌ಗೆ ಬಂದು ದುರ್ಗದ ಗ್ಯಾಂಗ್ ಅಂತ ಕೇಳಿ.